ಅಪ್ಪನ ಪ್ರಶ್ನೆ: ಕ್ರಿಸ್‌ಮಸ್ ಮರದ ಹಡಗಿಗೆ ಲೋಡ್ ಜಾಸ್ತಿಯಾಗಿತ್ತಾ?

ಹಿಮದೂರು (ಮಿಲ್ವಾಕಿ) · ಭಾನುವಾರ ರಾತ್ರಿ 9:10

ನಮಸ್ಕಾರ. ಪ್ರಶ್ನೆ ನನ್ನದಲ್ಲ, ಅಪ್ಪನದು. ಮೂರು ತಿಂಗಳ ಮಟ್ಟಿಗೆ ಇಲ್ಲಿ ಬಂದಿದ್ದಾರೆ. ಶಿವಮೊಗ್ಗದಲ್ಲಿ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು, ಮೊದಲು ಬೇರೆಯವರದ್ದು, ಆಮೇಲೆ ಸಾಲ ಮಾಡಿ ಸ್ವಂತದ್ದು. ಮ್ಯೂಸಿಯಂ ಅಂದರೆ ಆಕಳಿಕೆ, ಮಾಲ್ ಅಂದರೆ ಮಂಡಿ ನೋವು. ಇವತ್ತು ಬೇರೆ ದಾರಿ ಕಾಣದೆ ಸರೋವರದ ದಂಡೆಗೆ ಕರೆದುಕೊಂಡು ಹೋಗಿದ್ದೆ. ಇಲ್ಲಿನ ಯಾಟ್ ಕ್ಲಬ್ಬಿನ ಬಾಗಿಲಲ್ಲಿ ಒಂದು ಹಳೇ ಲಂಗರು ನಿಲ್ಲಿಸಿದ್ದಾರೆ. ಅಪ್ಪ ಹತ್ತಿರ ಹೋಗಿ, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿ, "ಇದು ಯಾವ ಗಾಡೀದು?" ಅಂದರು.

ನನಗೆ ಗೊತ್ತಿದ್ದಷ್ಟು ಹೇಳಿದೆ. ರೌಸ್ ಸಿಮನ್ಸ್ ಅಂತ ಮೂರು ಹಾಯಿಕಂಬದ ಮರದ ಹಡಗು. 1912ರ ನವೆಂಬರ್ 22ಕ್ಕೆ ಮಿಷಿಗನ್ ಸರೋವರದ ಉತ್ತರ ತುದಿಯ ಥಾಂಪ್ಸನ್ ಅನ್ನೋ ಸಣ್ಣ ಊರಿಂದ ಕ್ರಿಸ್‌ಮಸ್ ಮರ ತುಂಬಿಕೊಂಡು ಶಿಕಾಗೊಗೆ ಹೊರಟಿತು. ಮಾರನೇ ದಿನ ಮಧ್ಯಾಹ್ನ ಅಪಾಯದ ಬಾವುಟ ಹಾರಿಸಿಕೊಂಡು ಹೋಗುತ್ತಿದ್ದದ್ದನ್ನು ದಡದವರು ಕಂಡರು. ಆಮೇಲೆ ಅದು ಮನುಷ್ಯರ ಕಣ್ಣಿಗೆ ಬಿದ್ದದ್ದು 1971ರಲ್ಲಿ, ನೀರಿನ ತಳದಲ್ಲಿ.

ಕಥೆ ಮುಗಿಯುವ ತನಕ ಸುಮ್ಮನಿದ್ದು ಅಪ್ಪ ಕೇಳಿದ್ದು ನಾಲ್ಕೇ. ಗಾಡಿ ಎಷ್ಟು ಹಳೇದು? ಲೋಡ್ ಎಷ್ಟಿತ್ತು? ಓನರ್ ಯಾರು? ಓಡಿಸ್ತಿದ್ದೋನು ಯಾರು? ಮೊದಲನೆಯದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇತ್ತು. ಗೊತ್ತಿರುವವರು ಬರೆಯಿರಿ, ಓದಿ ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಇತಿಹಾಸ ಮೇಷ್ಟ್ರು · ಭಾನುವಾರ ರಾತ್ರಿ 10:32

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಹಡಗಿನ ಬಗ್ಗೆ ಮಾತಾಡುವವರೆಲ್ಲ ಸಾಂಟಾ ಕ್ಲಾಸ್, ಭೂತ, ಹಾಡು, ಕಣ್ಣೀರು ಇವುಗಳಿಂದ ಶುರು ಮಾಡುತ್ತಾರೆ. ಇವರು ಲೆಕ್ಕದಿಂದ ಶುರು ಮಾಡಿದ್ದಾರೆ. ಸಂತೋಷವಾಯಿತು.

ಹಡಗು ಕಟ್ಟಿದ್ದು 1868ರಲ್ಲಿ, ನೀವಿರುವ ಮಿಲ್ವಾಕಿಯಲ್ಲೇ. ಮುಳುಗುವಾಗ 44 ವರ್ಷ. ಉದ್ದ 123 ಅಡಿ ಚಿಲ್ಲರೆ, ಅಗಲ 27 ಅಡಿ ಚಿಲ್ಲರೆ. ಕೆನೋಶಾದ ವ್ಯಾಪಾರಿಯೊಬ್ಬನ ಹೆಸರನ್ನೇ ಅದಕ್ಕಿಟ್ಟರು. ಅದು ಹುಟ್ಟಿದ್ದು ಕ್ರಿಸ್‌ಮಸ್ ಮರಕ್ಕಲ್ಲ, ದಿಮ್ಮಿ ಹಲಗೆಗೆ. ಮಸ್ಕೀಗನ್ನಿನ ಹ್ಯಾಕ್ಲಿ ಎಂಬ ದೊಡ್ಡ ಮರದ ಸಾಹುಕಾರನ ಬಳಿ ಸುಮಾರು ಇಪ್ಪತ್ತು ವರ್ಷ ದುಡಿಯಿತು. 1871ರ ಅಕ್ಟೋಬರಿನಲ್ಲಿ ಶಿಕಾಗೊ ಸುಟ್ಟು ಬೂದಿಯಾಯಿತಲ್ಲ, ಆಮೇಲೆ ಆ ಊರನ್ನು ಮತ್ತೆ ಎಬ್ಬಿಸಲು ಉತ್ತರದ ಕಾಡುಗಳಿಂದ ಹಲಗೆ ಹೊತ್ತು ತಂದದ್ದು ಇಂಥ ಹಡಗುಗಳೇ. ಆ ಕಾಲಕ್ಕೆ ಈ ಮಹಾ ಸರೋವರಗಳ ಮೇಲೆ ಸಾವಿರದೈನೂರಕ್ಕೂ ಮಿಕ್ಕಿ ಹಾಯಿಹಡಗುಗಳಿದ್ದವು.

1900ರ ಹೊತ್ತಿಗೆ ಕಾಡೂ ಬರಿದಾಯಿತು, ಉಗಿಹಡಗು ಬಂತು, ರೈಲು ಬಂತು. ಹಾಯಿಹಡಗಿಗೆ ಗುಜರಿ ಬೆಲೆ. ಹೊಸದನ್ನು ಯಾರೂ ಕಟ್ಟುತ್ತಿರಲಿಲ್ಲ, ಹಳೆಯದಕ್ಕೆ ದುಡ್ಡು ಹಾಕಿ ರಿಪೇರಿ ಮಾಡಿಸುವವರೂ ಇರಲಿಲ್ಲ. ಬೇರೆ ಸರಕು ಸಿಗದ ಇಂಥ ಹಡಗಿಗೆ ವರ್ಷದ ಕೊನೆಯ ಒಂದು ಟ್ರಿಪ್ಪು ಕ್ರಿಸ್‌ಮಸ್ ಮರ.

ಓನರ್ ಯಾರು ಎಂಬುದಕ್ಕೆ ಉತ್ತರ: ಒಬ್ಬನಲ್ಲ. ಕ್ಯಾಪ್ಟನ್ ಹರ್ಮನ್ ಶೂನೆಮನ್‌ದು ಎಂಟರಲ್ಲಿ ಒಂದು ಪಾಲು. ಉಳಿದದ್ದು ಮ್ಯಾನಸ್ ಬಾನರ್ ಮತ್ತು ಚಾರ್ಲ್ಸ್ ನೆಲ್ಸನ್ ಎಂಬವರದು. ನೆಲ್ಸನ್ ಆ ದಿನ ಹಡಗಿನಲ್ಲೇ ಇದ್ದ, ಅವನೂ ಹೋದ.

ಹಿಮದೂರು · ಭಾನುವಾರ ರಾತ್ರಿ 10:50

ಅಪ್ಪ ಇನ್ನೂ ಮಲಗಿಲ್ಲ. "ಅಂದ್ರೆ ಓನರ್ ಕಂ ಡ್ರೈವರ್" ಅಂದರು. ಅವರ ಬಾಯಲ್ಲಿ ಅದು ಬೈಗುಳವೋ ಹೊಗಳಿಕೆಯೋ ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.

ಧಾರವಾಡದಾಂವ · ಸೋಮವಾರ ಬೆಳಿಗ್ಗೆ 7:15

ಮೇಷ್ಟ್ರ, ನೀವು ಹೇಳಿದ್ದು ಖರೆ. ಆದ್ರ ನನಗೊಂದು ಮಾತು ತಿಳೀವಲ್ದು. ಇದ ಕ್ಯಾಪ್ಟನ್ನನ ಅಣ್ಣ ಆಗಸ್ಟ್ ಶೂನೆಮನ್ 1898ರಾಗ ಸತ್ತಾನ. ಎಲ್ಲಿ? ಇದ ಸರೋವರದಾಗ. ಯಾವಾಗ? ನವೆಂಬರ್‌ದಾಗ. ಏನ್ ಒಯ್ಯಾಕತ್ತಿದ್ದ? ಕ್ರಿಸ್‌ಮಸ್ ಗಿಡ. ಎಸ್. ಥಾಲ್ ಅನ್ನೋ ಹಡಗದಾಗ, ಶಿಕಾಗೊ ಇನ್ನೇನ್ ಬಂತು ಅನ್ನೂದ್ರಾಗ ಗ್ಲೆನ್ಕೋ ಊರ ಕಡೆ ಮುಳಿಗಿದ. ಅಣ್ಣ ಬಿದ್ದ ಬಾವ್ಯಾಗ ಹದಿನಾಲ್ಕು ವರ್ಷ ಬಿಟ್ಟು ತಮ್ಮನೂ ಹಗ್ಗ ಇಳಿಬಿಟ್ರ ಅದಕ್ಕ ಧೈರ್ಯ ಅಂತೀರೋ ಆಸೆಬುರುಕತನ ಅಂತೀರೋ? ನಲವತ್ನಾಲ್ಕು ವರ್ಷದ ಹಡಗ, ನವೆಂಬರ್ ಕಡೀ ವಾರ, ತುದೀತನಕ ಲೋಡು. ಇದರಾಗ ಅದೃಷ್ಟದ ಮಾತೆಲ್ಲಿ ಬಂತ್ರೀ?

ಶಿಕಾಗೊ ಸೊಸೆ · ಸೋಮವಾರ ಬೆಳಿಗ್ಗೆ 8:40

ಧಾರವಾಡದ ಅಣ್ಣಾವ್ರೇ, ಸ್ವಲ್ಪ ತಾಳಿ. ಆಸೆಬುರುಕ ಅನ್ನೋದಕ್ಕಿಂತ ಮುಂಚೆ ಆ ವ್ಯಾಪಾರ ಎಂಥದ್ದು ಅಂತ ನೋಡಿ.

ನಾನು ಆಫೀಸಿಗೆ ಹೋಗೋದು ಕ್ಲಾರ್ಕ್ ಸ್ಟ್ರೀಟ್ ಸೇತುವೆ ಮೇಲೆ. ಈ ಕ್ಯಾಪ್ಟನ್ ಹಡಗು ಬಂದು ನಿಲ್ತಿದ್ದಿದ್ದು ಆ ಸೇತುವೆ ಪಕ್ಕದಲ್ಲಿ, ಶಿಕಾಗೊ ನದಿಯಲ್ಲಿ. ದೀಪದ ಸರ ಕಟ್ಟಿ, ಹತ್ತೋಕೆ ಹಲಗೆ ಹಾಕಿ, ಹಡಗಿನ ಮೇಲೇ ಅಂಗಡಿ ಇಡೋರು. ಜನ ಮಕ್ಕಳನ್ನ ಕರ್ಕೊಂಡು ಹತ್ತಿ ಮರ ಆರಿಸ್ಕೊಂಡು ಹೋಗೋರು. ಒಂದು ಮರಕ್ಕೆ ಐವತ್ತು ಸೆಂಟಿಂದ ಒಂದು ಡಾಲರ್. ಮಧ್ಯೆ ದಲ್ಲಾಳಿ ಇಲ್ಲ, ಅದಕ್ಕೇ ಆ ರೇಟು. ಹೆಂಡತಿ ಬಾರ್ಬರಾ, ಮೂರು ಹೆಣ್ಣುಮಕ್ಕಳು ಎಲ್ಸಿ, ಪರ್ಲ್, ಹೇಝೆಲ್. ಉಳಿದ ಕೊಂಬೆಯಲ್ಲಿ ಹಾರ, ಬಳೆ ಥರ ಸುತ್ತಿ ಅದನ್ನೂ ಮಾರೋರು. ದುಡ್ಡಿಲ್ಲದ ಮನೆಗೆ, ಚರ್ಚಿಗೆ ಸುಮ್ಮನೇ ಕೊಡ್ತಿದ್ದ ಅಂತ ಊರೆಲ್ಲ ಅವನನ್ನ ಕ್ಯಾಪ್ಟನ್ ಸಾಂಟಾ ಅಂತಿತ್ತು.

ಈಗ ನಮ್ಮೂರಿಗೆ ಬನ್ನಿ. ಆಯುಧ ಪೂಜೆ ಹಿಂದಿನ ದಿನ ಮಾರ್ಕೆಟ್ಟಲ್ಲಿ ಬಾಳೆಕಂದಿಗೆ ಏನು ರೇಟು? ಮಾರನೇ ದಿನ ಸಂಜೆ? ಫುಟ್‌ಪಾತ್ ಮೇಲೆ ರಾಶಿ ಬಿಟ್ಟು ಹೋಗ್ತಾರೆ, ಹಸು ಬಂದು ತಿನ್ನತ್ತೆ. ಕ್ರಿಸ್‌ಮಸ್ ಮರನೂ ಅಷ್ಟೇ. ಅಕ್ಟೋಬರಲ್ಲಿ ಕಡಿದು ತಂದ್ರೆ ಡಿಸೆಂಬರ್ ಹೊತ್ತಿಗೆ ಎಲೆ ಉದುರತ್ತೆ, ತಡ ಮಾಡಿದ್ರೆ ಹಬ್ಬ ಮುಗಿದಿರತ್ತೆ. ನವೆಂಬರ್ ಕೊನೇಲೇ ಹೊರಡಬೇಕು, ಬೇರೆ ದಿನ ಇಲ್ಲ. ಆ ವ್ಯಾಪಾರಕ್ಕೆ ಇಳಿದವನಿಗೆ ಬಿರುಗಾಳಿ ತಿಂಗಳೂ ಜೊತೆಗೇ ಗಂಟುಬೀಳತ್ತೆ.

ಧಾರವಾಡದಾಂವ · ಸೋಮವಾರ ಬೆಳಿಗ್ಗೆ 9:05

ಅಕ್ಕಾರ, ಬಾಳೆಕಂದು ತರಾಂವ ಬ್ರೇಕ್ ಇಲ್ಲದ ಟೆಂಪೋದಾಗ ತರಬಾರದು ಅಂತ ನನ್ನ ವಾದ. ಹಬ್ಬದ ಮ್ಯಾಲ ನನಗೇನ್ ಸಿಟ್ಟಿಲ್ಲ.

ಬೋಳಾರದವ · ಸೋಮವಾರ ಮಧ್ಯಾಹ್ನ 1:20

ನಮ್ಮಲ್ಲಿ ಇಂಥದ್ದಕ್ಕೆ ಮಂಜಿ ಅಂತ ಹೇಳುವುದು ಮಾರಾಯ್ರೆ. ಮರದ ಹಡಗು, ಹಾಯಿ ಕಟ್ಟಿ ಹೋಗುವುದು. ನನ್ನ ಅಜ್ಜನ ತಮ್ಮ ಅದರಲ್ಲಿ ಹೋಗುತ್ತಿದ್ದದ್ದು, ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ. ಹೋಗುವಾಗ ಹಂಚು, ಅಕ್ಕಿ, ಬರುವಾಗ ತೆಂಗಿನಕಾಯಿ, ನಾರು. ಜೂನ್ ಹತ್ತಿರ ಬಂತು ಅಂದರೆ ತಂಡೇಲನಿಗೆ ಯಾರೂ ಹೇಳುವುದು ಬೇಡ, ಮಂಜಿಯನ್ನು ನದಿಯೊಳಗೆ ತಂದು ಕಟ್ಟಿ ಮಡಲು ಹೊದೆಸಿ ಬಿಡುವುದು. ಮತ್ತೆ ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಮಾತು. ಎಷ್ಟು ಬಾಡಿಗೆ ಕೊಡುತ್ತೇನೆ ಅಂದರೂ ಹೋಗುವುದಿಲ್ಲ. ಹೋಗಬೇಕಾದ ಗತಿ ಇರಲಿಲ್ಲ ಅಂತ ಅಲ್ಲ, ಮನೆಯಲ್ಲಿ ಗಂಜಿಗೆ ಕಷ್ಟವೇ ಇತ್ತು.

ಹಾಗಾಗಿ ಧಾರವಾಡದವರ ಮಾತು ನನಗೆ ಅರ್ಥ ಆಗುತ್ತದೆ. ಆದರೆ ಒಂದು ಸಂಶಯ ಉಂಟು. ಇದು ಸಮುದ್ರ ಅಲ್ಲವಲ್ಲ, ಕೆರೆಯಲ್ಲವಾ? ಸಿಹಿನೀರಲ್ಲಿ 120 ಅಡಿ ಹಡಗನ್ನು ಮುಳುಗಿಸುವ ತೆರೆ ಎಂತದು?

ನೀರೊಳಗೆ (ಮಿಷಿಗನ್) · ಸೋಮವಾರ ಸಂಜೆ 6:45

ಕೆರೆ ಅನ್ನಬೇಡಿ ಸರ್, ಇಲ್ಲಿನವರಿಗೆ ಬೇಜಾರಾಗುತ್ತೆ. ಮಿಷಿಗನ್ ಸರೋವರ ಸುಮಾರು 58,000 ಚದರ ಕಿ.ಮೀ. ಕರ್ನಾಟಕದ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ, ಅಷ್ಟೂ ನೀರು. ಅತಿ ಆಳದ ಕಡೆ 281 ಮೀಟರ್. ಉದ್ದ ಹೆಚ್ಚುಕಡಿಮೆ 490 ಕಿ.ಮೀ. ಉತ್ತರದ ಗಾಳಿ ಉದ್ದಕ್ಕೆ ಬೀಸಿದರೆ ಅಷ್ಟು ದೂರ ತೆರೆಯನ್ನು ತಳ್ಳಿಕೊಂಡು ಬರಬಹುದು.

ಹವ್ಯಾಸಕ್ಕೆ ಮುಳುಗುವವನು ನಾನು. ಸಮುದ್ರದ ತೆರೆ ಉದ್ದ, ಹಡಗು ಅದನ್ನು ಹತ್ತಿ ಇಳಿಯಲು ಹೊತ್ತಿರುತ್ತೆ. ಸರೋವರದ್ದು ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಹಡಗು ಒಂದರಿಂದ ಮೂತಿ ಎತ್ತುವ ಮೊದಲೇ ಮುಂದಿನದು ಮೇಲೆ ಬಿದ್ದಿರುತ್ತೆ. ಇನ್ನೊಂದು, ಸಿಹಿನೀರು ಉಪ್ಪುನೀರಿಗಿಂತ ಬೇಗ ಹೆಪ್ಪುಗಟ್ಟುತ್ತೆ. ನವೆಂಬರ್ ಕೊನೆಯಲ್ಲಿ ಹಾಯಿ, ಹಗ್ಗ, ಡೆಕ್ಕು ಎಲ್ಲದರ ಮೇಲೆ ಎರಚಿದ ನೀರು ಅಲ್ಲಲ್ಲೇ ಮಂಜುಗಡ್ಡೆ. ಡೆಕ್ಕಿನ ಮೇಲೆ ಆಳೆತ್ತರಕ್ಕೆ ಕಟ್ಟಿಟ್ಟ ಹಸಿ ಮರಗಳಿದ್ದರೆ ಒಂದೊಂದು ಸೂಜಿ ಎಲೆಯೂ ಮಂಜು ಹಿಡಿಯುತ್ತೆ.

ಲೋಡ್ ಬಗ್ಗೆ: ಮೂರು ಸಾವಿರದಿಂದ ಐದು ಸಾವಿರ ಮರ ಅಂತ ಹೇಳುತ್ತಾರೆ. ಒಳಗೂ ತುಂಬಿತ್ತು, ಮೇಲೂ ಇತ್ತು.

ಹಿಮದೂರು · ಸೋಮವಾರ ರಾತ್ರಿ 8:30

ಅಪ್ಪನಿಗೆ ಇಷ್ಟೂ ಓದಿ ಹೇಳಿದೆ. ಊಟ ಬಿಟ್ಟು ಕೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಮರ ಅಂದ್ರೆ ಹುಲ್ಲು ಲೋಡಿದ್ದ ಹಾಗೆ. ಕಬ್ಬಿಣ ಹಾಕಿದ ಗಾಡಿ ತೂಕಕ್ಕೆ ಕೂರುತ್ತೆ, ಸ್ಪ್ರಿಂಗ್ ಕಟ್ಟಾಗುತ್ತೆ, ನಿಂತು ಹೋಗುತ್ತೆ. ಹುಲ್ಲಿನ ಗಾಡಿ ಹಗುರ. ಹಗುರ ಅಂತ ಇನ್ನೂ ನಾಲ್ಕು ಹೊರೆ ಏರಿಸ್ತಾರೆ. ಅದು ಬೀಳೋದು ತೂಕಕ್ಕಲ್ಲ, ಎತ್ತರಕ್ಕೆ. ಗಾಳಿ ಹಿಡೀತಾ ಇರುತ್ತೆ. ಮಳೆ ಬಂತೋ, ಹೊರಡುವಾಗ ಇದ್ದ ತೂಕ ಬೇರೆ, ಘಾಟಿ ಇಳಿಯುವಾಗ ಇರೋ ತೂಕ ಬೇರೆ. ಕಾಟಾ ಚೀಟಿ ಸುಳ್ಳಾಗಿಬಿಡುತ್ತೆ."

ಆಗುಂಬೆಯಲ್ಲಿ ಒಂದು ಸಲ ಅವರಿಗೇ ಹೀಗಾಗಿತ್ತಂತೆ. ಮೂರನೇ ತಿರುವಲ್ಲಿ ಗಾಡಿ ನಿಲ್ಲಿಸಿ, ಅರ್ಧ ಹುಲ್ಲು ರಸ್ತೆ ಪಕ್ಕ ಇಳಿಸಿ ಹೋದರಂತೆ. ಹುಲ್ಲಿನ ಯಜಮಾನ ಬಾಡಿಗೆ ಕೊಡಲಿಲ್ಲ. ಈ ಕಥೆ ನಾನು ಮೊದಲ ಸಲ ಕೇಳಿದ್ದು.

ಧಾರವಾಡದಾಂವ · ಸೋಮವಾರ ರಾತ್ರಿ 8:41

ಅಪ್ಪಾರಿಗೆ ಸಾಷ್ಟಾಂಗ. ನನ್ನ ವಾದ ಗೆದ್ದಂಗಾತು. ಅವರಂಗ ಅರ್ಧ ಇಳಿಸಬೇಕಿತ್ತು ನೋಡ್ರಿ.

ನೀರೊಳಗೆ · ಸೋಮವಾರ ರಾತ್ರಿ 9:20

ಅಪ್ಪನವರ ಮಾತು ಚೆನ್ನಾಗಿದೆ, ಆದರೆ ಒಂದು ಕಡೆ ಹೊಂದುವುದಿಲ್ಲ. ಎತ್ತರದ ಲೋಡಿಗೆ ಹಡಗು ಮಗುಚಿದ್ದರೆ ತಳದಲ್ಲಿ ಅಡ್ಡ ಮಲಗಿಯೋ ಕವುಚಿಯೋ ಇರಬೇಕಿತ್ತು. ರೌಸ್ ಸಿಮನ್ಸ್ ನೆಟ್ಟಗೆ ಕೂತಿದೆ.

ಟೂ ರಿವರ್ಸ್ ಊರಿನ ಈಶಾನ್ಯಕ್ಕೆ, ಸುಮಾರು 50 ಮೀಟರ್ ಆಳದಲ್ಲಿದೆ. ನಾನು ಅಲ್ಲಿ ಮುಳುಗಿಲ್ಲ. ನಮ್ಮಂಥ ಹವ್ಯಾಸಿಗಳ ಮಿತಿ 40 ಮೀಟರ್, ಅದಕ್ಕೂ ಕೆಳಗೆ ಹೋಗಲು ಬೇರೆ ತರಬೇತಿ, ಬೇರೆ ಗಾಳಿ ಮಿಶ್ರಣ ಬೇಕು. 1971ರಲ್ಲಿ ಇದನ್ನು ಕಂಡುಹಿಡಿದದ್ದು ಮಿಲ್ವಾಕಿಯ ಕೆಂಟ್ ಬೆಲ್‌ರಿಚರ್ಡ್ ಎಂಬ ಮುಳುಗುಗಾರ. ತಮಾಷೆ ಏನೆಂದರೆ ಅವನು ಹುಡುಕುತ್ತಿದ್ದದ್ದು ಇದನ್ನಲ್ಲ, 1887ರಲ್ಲಿ ಮುಳುಗಿದ ವರ್ನನ್ ಎಂಬ ಉಗಿಹಡಗನ್ನು. ಕೆಳಗೆ ಹೋಗಿ ನೋಡಿದರೆ ಹಡಗಿನ ಹೊಟ್ಟೆ ತುಂಬ ಕ್ರಿಸ್‌ಮಸ್ ಮರ. 59 ವರ್ಷ ಆದಮೇಲೂ ಕೆಲವಕ್ಕೆ ಎಲೆ ಅಂಟಿಕೊಂಡೇ ಇತ್ತು.

ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ಪುರಾತತ್ವದವರು 2006ರಲ್ಲಿ ಇಳಿದು ಅಳತೆ ತೆಗೆದರು. ಮೂತಿ ಭಾಗಕ್ಕೆ ಜೋರು ಪೆಟ್ಟಾಗಿದೆ, ಹಾಯಿಕಂಬಗಳು ಮುಂದಕ್ಕೆ ಬಿದ್ದಿವೆ. ಅಂದರೆ ಹಡಗು ಮೂಗು ಕೆಳಗೆ ಮಾಡಿ ತಳಕ್ಕೆ ಗುದ್ದಿದೆ. ಅದಕ್ಕೂ ಮೊದಲು, 1999ರಲ್ಲಿ, ಹಡಗು ಬಿದ್ದ ಜಾಗಕ್ಕಿಂತ ಉತ್ತರಕ್ಕೆ ಅದರ ಚುಕ್ಕಾಣಿ ಚಕ್ರ ಮೀನಿನ ಬಲೆಗೆ ಸಿಕ್ಕಿತ್ತು. ಹಡಗು ಹೋಗುತ್ತಿದ್ದದ್ದು ದಕ್ಷಿಣಕ್ಕೆ. ಹಾಗಾದರೆ ಮುಳುಗುವ ಮೊದಲೇ ಚಕ್ರ ಕಿತ್ತು ಹೋಗಿರಬೇಕು. ಹಿಂದಿನ ಕಂಬದ ಹಾಯಿಯ ಅಡ್ಡದಿಮ್ಮಿ ಬೀಸಿಕೊಂಡು ಬಂದು ಚಕ್ರಕ್ಕೆ ಹೊಡೆದಿರಬಹುದು ಅಂತ ಒಂದು ಊಹೆ. ನನಗೆ ಅದು ನಂಬುವ ಹಾಗೇ ಕಾಣುತ್ತೆ.

ಅಪ್ಪನವರ ಭಾಷೆಯಲ್ಲಿ ಹೇಳುವುದಾದರೆ, ಸ್ಟೇರಿಂಗ್ ಕಟ್.

ಹಿಮದೂರು · ಸೋಮವಾರ ರಾತ್ರಿ 9:34

"ಸ್ಟೇರಿಂಗ್ ಕಟ್ಟಾದ್ರೆ ಮುಗೀತು" ಅಂದು ಎದ್ದು ಹೋಗಿ ಮಲಗಿದರು.

ಹೊಸಬ_2 · ಮಂಗಳವಾರ ಬೆಳಿಗ್ಗೆ 6:50

ಹೊರಡೋ ಮೊದಲು ಇಲಿಗಳು ಹಡಗಿಂದ ಇಳಿದು ಓಡಿ ಹೋದವಂತೆ, ಅದನ್ನ ನೋಡಿ ಕೆಲವು ಕೆಲಸದವರೂ ಬರಲ್ಲ ಅಂದ್ರಂತೆ, ನಿಜಾನಾ? ಹೊರಟಿದ್ದು ಶುಕ್ರವಾರ ಬೇರೆ. ಕ್ಯಾಪ್ಟನ್ ಬಾಟಲಿಯಲ್ಲಿ ಚೀಟಿ ಬರೆದು ಹಾಕಿದ್ನಂತೆ. ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಇದೇ ತಾನೆ?

ನಿರ್ವಾಹಕ · ಮಂಗಳವಾರ ಬೆಳಿಗ್ಗೆ 7:30

ಫಿಟ್ಜ್‌ಜೆರಾಲ್ಡ್ ಬೇರೆ. ಅದು ಉಕ್ಕಿನ ಹಡಗು, ಸುಪೀರಿಯರ್ ಸರೋವರ, 1975ರ ನವೆಂಬರ್ 10, 29 ಜನ. ಅದರ ಮೇಲೆ ಹಳೇ ಎಳೆ ಇದೆ, ಚರ್ಚೆ ಅಲ್ಲೇ ಇರಲಿ.

ಇತಿಹಾಸ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 10:15

ಇಲಿಗಳ ಕಥೆ ಎಲ್ಲ ಮುಳುಗಿದ ಹಡಗುಗಳಿಗೂ ಇದೆ. ಮುಳುಗದ ಹಡಗಿಂದ ಇಳಿದ ಇಲಿಗಳನ್ನು ಯಾರೂ ಎಣಿಸುವುದಿಲ್ಲ. ಬಾಟಲಿ ಚೀಟಿ ಅಂದಿನ ಪತ್ರಿಕೆಗಳಲ್ಲಿ ಬಂದದ್ದು ನಿಜ, ಆದರೆ ಅದು ಅಸಲಿಯೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ. ಶುಕ್ರವಾರ ಮಾತ್ರ ಕ್ಯಾಲೆಂಡರಿನ ಪ್ರಕಾರ ಸರಿ. ನಮ್ಮ ಮನೆಯಲ್ಲೂ ಶುಕ್ರವಾರ ದುಡ್ಡು ಹೊರಗೆ ಕೊಡುವುದಿಲ್ಲ, ಹಾಗೆಂದು ಬ್ಯಾಂಕು ಮುಚ್ಚುತ್ತದೆಯೇ?

ಇದೆಲ್ಲ ಬಿಟ್ಟು ದಾಖಲೆಯಲ್ಲಿರುವ ಇಪ್ಪತ್ತು ನಿಮಿಷ ನೋಡಿ. ನವೆಂಬರ್ 23, ಶನಿವಾರ. ಮಧ್ಯಾಹ್ನ 2:50ಕ್ಕೆ ಕಿವಾನಿ ಎಂಬ ಊರಿನ ಜೀವರಕ್ಷಕ ಠಾಣೆಯವರಿಗೆ ದೂರದಲ್ಲಿ ಈ ಹಡಗು ಕಂಡಿತು. ಬಾವುಟ ಅರ್ಧಕ್ಕೆ ಇಳಿಸಿತ್ತು, ಅಪಾಯದ ಗುರುತು. ಕಿವಾನಿಯಲ್ಲಿ ಆಗ ಮೋಟಾರು ದೋಣಿ ಇರಲಿಲ್ಲ, ಹುಟ್ಟು ಹಾಕಿ ಹಿಡಿಯುವಷ್ಟು ಹತ್ತಿರ ಹಡಗಿಲ್ಲ. ಬಂದರಿನಲ್ಲಿದ್ದ ಎಂಜಿನ್ ದೋಣಿಯನ್ನು ಕೇಳೋಣವೆಂದರೆ ಅದು ಆಗಲೇ ಹೊರಟುಹೋಗಿತ್ತು. 3:10ಕ್ಕೆ ದಕ್ಷಿಣದ ಟೂ ರಿವರ್ಸ್ ಠಾಣೆಗೆ ಫೋನು ಮಾಡಿದರು. ಅವರ ಬಳಿ ಟಸ್ಕರೋರಾ ಎಂಬ ಮೋಟಾರು ದೋಣಿ ಇತ್ತು, ತಕ್ಷಣ ಹೊರಟರು. ಆದರೆ ನವೆಂಬರ್ ಕೊನೆಗೆ ಅಲ್ಲಿ ನಾಲ್ಕೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಾಯಿತು, ಹಿಮ ಬೀಳತೊಡಗಿತು, ಗಂಟೆಗಟ್ಟಲೆ ಹುಡುಕಿ ಬರಿಗೈಲಿ ಬಂದರು.

ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಅರ್ಧಕ್ಕೆ ಇಳಿಸಿದ ಬಟ್ಟೆಯ ತುಂಡು, ಅಷ್ಟೇ ಅವರ ಸಂದೇಶ. ಧಾರವಾಡದವರೇ, ತಪ್ಪು ಹೊರಿಸುವುದಾದರೆ ಕ್ಯಾಪ್ಟನ್ನನೊಬ್ಬನ ತಲೆಗೆ ಏಕೆ? ಒಂದು ಠಾಣೆಯಲ್ಲಿ ಎಂಜಿನ್ ಇದ್ದು ಪಕ್ಕದ ಠಾಣೆಯಲ್ಲಿ ಇಲ್ಲದಿದ್ದುದು ಯಾರ ತಪ್ಪು?

ಧಾರವಾಡದಾಂವ · ಮಂಗಳವಾರ ಮಧ್ಯಾಹ್ನ 12:02

ಮೇಷ್ಟ್ರ, ಆ್ಯಂಬುಲೆನ್ಸ್ ಬರಲಿಲ್ಲ ಅನ್ನೂದು ಬ್ಯಾರೆ, ಗಾಡಿ ಕಂಡೀಶನ್ ಇರಲಿಲ್ಲ ಅನ್ನೂದು ಬ್ಯಾರೆ. ಎರಡೂ ಬರದಿಡೋಣ. ಒಂದನ್ನ ಹೇಳಿ ಇನ್ನೊಂದನ್ನ ಅಳಿಸಾಕ ನಾ ಒಪ್ಪೂದಿಲ್ಲ. ಆದ್ರ ನಿನ್ನೆ ಆಸೆಬುರುಕ ಅಂದಿದ್ದು ವಾಪಸ್ ತಗೋತೇನಿ. ಎಂಟನೇ ಒಂದು ಪಾಲಿನ ಆಸಾಮಿ ಎಷ್ಟಂತ ಆಸೆ ಪಟ್ಟಾನು.

ಬೋಳಾರದವ · ಮಂಗಳವಾರ ಮಧ್ಯಾಹ್ನ 2:40

ಒಂದು ವಿಷಯ ಕೇಳುವುದಿತ್ತು. ಮರದ ಹಡಗು ನೂರು ವರ್ಷ ನೀರಿನಡಿ ಹೇಗೆ ಉಳಿಯಿತು? ನಮ್ಮ ಕಡಲಲ್ಲಿ ಮರ ಕೊರೆಯುವ ಹುಳ ಉಂಟು, ಒಂದು ಹಲಗೆ ಬಿಟ್ಟರೆ ಕೆಲವೇ ವರ್ಷದಲ್ಲಿ ಜರಡಿ. ಅದಕ್ಕೇ ಮಂಜಿಯ ಅಡಿಗೆ ಎಣ್ಣೆ, ಸುಣ್ಣ ಬಳಿಯುತ್ತಿದ್ದದ್ದು.

ನೀರೊಳಗೆ · ಮಂಗಳವಾರ ಸಂಜೆ 5:55

ಆ ಹುಳಕ್ಕೆ ಉಪ್ಪುನೀರು ಬೇಕು, ಸರೋವರದಲ್ಲಿ ಇಲ್ಲ. ಆಳದಲ್ಲಿ ವರ್ಷವಿಡೀ ಫ್ರಿಜ್ಜಿನಷ್ಟು ಥಂಡಿ. ಅದಕ್ಕೇ ಈ ಸರೋವರಗಳ ತಳದಲ್ಲಿ ಹಾಯಿಕಂಬ ನಿಂತಿರುವ ಹಡಗುಗಳೂ ಇವೆ.

ಈಗ ಬೇರೆ ಕಾಟ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯ ಸಣ್ಣ ಚಿಪ್ಪುಜೀವಿಗಳು, ಜೀಬ್ರಾ ಮತ್ತು ಕ್ವಾಗಾ ಅಂತ. 1980ರ ದಶಕದ ಕೊನೆಯಲ್ಲಿ ಹಡಗುಗಳು ಸಮತೋಲಕ್ಕೆ ಅಂತ ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರಿನ ಜೊತೆ ಬಂದು ಸೇರಿಕೊಂಡವು. ಮುಳುಗಿದ ಹಡಗುಗಳ ಮೇಲೆ ಗೇಣುದ್ದ ಪದರ ಕಟ್ಟುತ್ತವೆ. ಹಲಗೆಗೆ ಭಾರ, ಕಬ್ಬಿಣದ ಮೊಳೆಗೆ ತುಕ್ಕು. ಅಪ್ಪನವರು ತಟ್ಟಿದ ಲಂಗರನ್ನು ಹಿಂದೆಯೇ ಎತ್ತಿ ತಂದದ್ದು. ಈಗ ಏನನ್ನೂ ಮುಟ್ಟುವ ಹಾಗಿಲ್ಲ. 2007ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು, 2021ರಲ್ಲಿ ಆ ಕರಾವಳಿಯೇ ಸಂರಕ್ಷಿತ ಪ್ರದೇಶವಾಯಿತು.

ಶಿಕಾಗೊ ಸೊಸೆ · ಮಂಗಳವಾರ ರಾತ್ರಿ 9:05

ಹಡಗಿನ ವಿಷಯ ಆಯ್ತು, ಮನೆಯವರ ವಿಷಯ ಯಾರೂ ಕೇಳಲಿಲ್ಲ.

ಬಾರ್ಬರಾಗೆ ಗಂಡನ ದೇಹ ಸಿಗಲಿಲ್ಲ. ಮೀನುಗಾರರ ಬಲೆಗೆ ವರ್ಷಗಟ್ಟಲೆ ಕ್ರಿಸ್‌ಮಸ್ ಮರ ಸಿಗ್ತಾ ಇತ್ತು. 1924ರಲ್ಲಿ ಟೂ ರಿವರ್ಸ್ ಹತ್ತಿರ ಬಲೆಯಲ್ಲಿ ಒಂದು ಪರ್ಸು ಬಂತು, ನೀರು ಹೋಗದ ಬಟ್ಟೆಯಲ್ಲಿ ಸುತ್ತಿದ್ದು. ಒಳಗಿನ ಕಾಗದ ಇನ್ನೂ ಓದೋ ಹಾಗಿತ್ತು. ಕ್ಯಾಪ್ಟನ್‌ದು. ಹನ್ನೆರಡು ವರ್ಷ ಆದ್ಮೇಲೆ ಗಂಡನ ಪರ್ಸು ಮನೆಗೆ ಬಂದ್ರೆ ಅದನ್ನ ಎಲ್ಲಿಡ್ತಾರೆ? ಬೀರುವಿನಲ್ಲಾ, ದೇವರ ಮುಂದೆನಾ? ನಾನು ಇದನ್ನ ಓದಿದ ದಿನ ಇದೇ ಯೋಚನೆ.

ಆಕೆ ವ್ಯಾಪಾರ ಬಿಡಲಿಲ್ಲ. ಹೆಣ್ಣುಮಕ್ಕಳನ್ನ ಕಟ್ಟಿಕೊಂಡು ಮರ ತರಿಸಿ ಶಿಕಾಗೊದಲ್ಲಿ ಮಾರಿದರು, ಆಮೇಲಾಮೇಲೆ ರೈಲಲ್ಲಿ ತರಿಸಿ. 1933ರಲ್ಲಿ ತೀರಿಕೊಳ್ಳೋವರೆಗೂ. ಅಕೇಷಿಯಾ ಪಾರ್ಕ್ ಸ್ಮಶಾನದಲ್ಲಿ ಆಕೆ ಸಮಾಧಿ ಇದೆ. ಕಲ್ಲಿನ ಮೇಲೆ ಗಂಡ ಹೆಂಡತಿ ಇಬ್ಬರ ಹೆಸರು, ಮಧ್ಯೆ ಒಂದು ಕ್ರಿಸ್‌ಮಸ್ ಮರ ಕೆತ್ತಿದ್ದಾರೆ. ಅಲ್ಲಿ ನಿಂತ್ರೆ ಪೈನ್ ವಾಸನೆ ಬರತ್ತೆ ಅಂತಾರೆ. ಸುತ್ತ ಮರ ಇದ್ರೆ ಬಾರದೇ ಇರತ್ತಾ.

ಬೋಳಾರದವ · ಮಂಗಳವಾರ ರಾತ್ರಿ 10:10

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ನಿಮಗೆ ನೆನಪುಂಟಲ್ಲ. ಅದು ಎಂಜಿನ್ ಬೋಟು, ಏಳು ಜನ. ನಾಲ್ಕೂವರೆ ತಿಂಗಳ ನಂತರ ಮಾಲ್ವಣದ ಹತ್ತಿರ ಕಡಲಿನಡಿ ಬೋಟಿನ ಅವಶೇಷ ಸಿಕ್ಕಿತು, ಜನ ಸಿಗಲಿಲ್ಲ. ಆ ನಾಲ್ಕೂವರೆ ತಿಂಗಳು ನಮ್ಮ ಕಡೆ ಯಾವ ಬೋಟು ಧಕ್ಕೆಗೆ ಬಂದರೂ ಕೆಳಗೆ ನಿಂತವರು ಕೇಳುತ್ತಿದ್ದದ್ದು ಮೀನಿನ ರೇಟು ಅಲ್ಲ. ಅಕ್ಕ ಪರ್ಸಿನ ವಿಷಯ ಬರೆದದ್ದು ಓದಿ ಇದು ನೆನಪಾಯಿತು. ಬೇರೆ ಎಂತ ಇಲ್ಲ.

ಹಿಮದೂರು · ಬುಧವಾರ ರಾತ್ರಿ 8:20

ಅಪ್ಪ ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ಐದನೇ ಪ್ರಶ್ನೆ ಕೇಳಿದರು. ಹಡಗಲ್ಲಿ ಒಟ್ಟು ಎಷ್ಟು ಜನ ಇದ್ದರು?

ಇತಿಹಾಸ ಮೇಷ್ಟ್ರು · ಬುಧವಾರ ರಾತ್ರಿ 9:00

ಇದೊಂದಕ್ಕೆ ಗಟ್ಟಿ ಉತ್ತರವಿಲ್ಲ, ಇಲ್ಲದಿರುವುದಕ್ಕೆ ಕಾರಣ ಉಂಟು. ಅಂಥ ಹಡಗಿನಲ್ಲಿ ಹತ್ತಿದವರ ಪಟ್ಟಿ ಬರೆದು ದಡದಲ್ಲಿ ಬಿಟ್ಟು ಹೋಗುವ ಪದ್ಧತಿ ಇರಲಿಲ್ಲ. ಒಂದು ಕಡೆ ಹತ್ತು ಹನ್ನೊಂದು ಎಂದಿದೆ, ಇನ್ನೊಂದು ಕಡೆ ಹದಿನಾರು, ಹದಿನೇಳು. ಥಾಂಪ್ಸನ್ನಿನ ಕಾಡಿನಲ್ಲಿ ಮರ ಕಡಿದ ಕೂಲಿಯವರು ಹಬ್ಬಕ್ಕೆ ಊರಿಗೆ ಹೋಗಲು ಅದರಲ್ಲೇ ಹತ್ತಿಕೊಂಡಿದ್ದರು ಎಂಬ ಮಾತಿದೆ. ಅವರ ಹೆಸರುಗಳು ಪೂರ್ತಿಯಾಗಿ ಯಾರಿಗೂ ಸಿಕ್ಕಿಲ್ಲ.

ಹಿಮದೂರು · ಬುಧವಾರ ರಾತ್ರಿ 9:25

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕ್ಲೀನರ್ ಹೆಸರು ಎಫ್‌ಐಆರ್‌ನಲ್ಲೂ ಸರಿಯಾಗಿ ಬರೆಯಲ್ಲ ಕಣೋ" ಅಂದರು. ಆಮೇಲೆ ತಮ್ಮ ಗಾಡಿಯಲ್ಲಿ ಕೆಲಸ ಮಾಡಿದ ಕ್ಲೀನರ್‌ಗಳ ಹೆಸರೆಲ್ಲ ಒಂದೊಂದಾಗಿ ಹೇಳಲು ಶುರು ಮಾಡಿದರು. ಹದಿಮೂರು ಜನ ಸಿಕ್ಕರು. ಒಬ್ಬ ಹೊಸನಗರದ ಹುಡುಗನದು ನೆನಪಾಗಲಿಲ್ಲ ಅಂತ ಅಮ್ಮನಿಗೆ ಫೋನ್ ಮಾಡಿಸಿದರು. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ಅಮ್ಮನಿಗೂ ನೆನಪಿಲ್ಲ, ಬೈದು ಇಟ್ಟರು.

ಶಿಕಾಗೊ ಸೊಸೆ · ಗುರುವಾರ ಬೆಳಿಗ್ಗೆ 8:15

ಅಪ್ಪನವರನ್ನ ಡಿಸೆಂಬರ್ ಮೊದಲ ವಾರ ಶಿಕಾಗೊಗೆ ಕರ್ಕೊಂಡು ಬನ್ನಿ. ಈ ಹಡಗಿನ ನೆನಪಿಗೆ ಕೋಸ್ಟ್ ಗಾರ್ಡ್‌ನವರ ಮ್ಯಾಕಿನಾ ಅನ್ನೋ ಹಡಗು 2000ದಿಂದ ಈಚೆಗೆ ಪ್ರತಿ ವರ್ಷ ನೇವಿ ಪಿಯರ್‌ಗೆ ಸಾವಿರಕ್ಕೂ ಹೆಚ್ಚು ಕ್ರಿಸ್‌ಮಸ್ ಮರ ತರತ್ತೆ. ಕಷ್ಟದಲ್ಲಿರೋ ಮನೆಗಳಿಗೆ ಕೊಡ್ತಾರೆ. ಇಳಿಸೋದನ್ನ ನಿಂತು ನೋಡಬಹುದು. ಊಟ ನಮ್ಮನೇಲಿ. ಚಳಿಗೆ ಎರಡು ಸ್ವೆಟರ್ ಸಾಲಲ್ಲ, ಹೇಳಿಬಿಡಿ.

ಹಿಮದೂರು · ಗುರುವಾರ ಸಂಜೆ 6:30

ತುಂಬ ಥ್ಯಾಂಕ್ಸ್ ಮೇಡಂ. ತೊಂದರೆ ಏನೆಂದರೆ ಅಪ್ಪನ ವಾಪಸ್ ಟಿಕೆಟ್ ನವೆಂಬರ್ 28ಕ್ಕೆ. ಮೂರು ವಾರದಿಂದ "ಯಾವಾಗ ಹೋಗ್ತೀನೋ" ಅಂತ ದಿನ ಎಣಿಸುತ್ತಿದ್ದವರು ಇವತ್ತು ಮಧ್ಯಾಹ್ನ ಆಫೀಸಿಗೇ ಫೋನ್ ಮಾಡಿ ಟಿಕೆಟ್ ಹತ್ತು ದಿನ ಮುಂದೆ ಹಾಕಿಸು ಅಂದಿದ್ದಾರೆ. ಆ ಹಡಗಿನವರು ಲೋಡನ್ನ ಹೇಗೆ ಕಟ್ಟಿರ್ತಾರೆ ಅಂತ ನೋಡಬೇಕಂತೆ.

ದಿನಾಂಕ ಬದಲಾಯಿಸಲು ಏರ್‌ಲೈನ್‌ನವರು ಹೇಳುತ್ತಿರುವ ದುಡ್ಡಿಗೆ ಹೊಸ ಟಿಕೆಟ್ಟೇ ಬರುತ್ತೆ. ಇಲ್ಲಿ ಯಾರಾದರೂ ಏಜೆಂಟ್ ಮೂಲಕ ಕಡಿಮೆಗೆ ಮಾಡಿಸಿದ್ದೀರಾ?

ಧಾರವಾಡದಾಂವ · ಗುರುವಾರ ಸಂಜೆ 6:52

ನನ್ನ ಅಳಿಯಾ ಡೆಟ್ರಾಯಿಟ್‌ದಾಗ ಅದನ್ನ ಮಾಡ್ತಾನ್ರೀ. ಖಾಸಗಿ ಸಂದೇಶದಾಗ ಕೇಳ್ತೇನಿ, ಟಿಕೆಟ್ ನಂಬರ್ ಇಲ್ಲಿ ಹಾಕಬ್ಯಾಡ್ರಿ ಮತ್ತ.